ಮೂರನೇ ಲೈನಿನ ಮುಯ್ಯಾಳು

ಶಿಗ್ಗಾಂವ
೧೮ ನವೆಂಬರ್ ೨೦೨೪

ಕೌಸರ,

ಕಾಗದ ನೋಡಿ ನಗಬೇಡ. ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳುವ ತಾಳ್ಮೆ ನಮ್ಮಿಬ್ಬರಿಗೂ ಮೊದಲೇ ಇರಲಿಲ್ಲ, ಮ್ಯಾನೇಜರುಗಳಾದ ಮೇಲಂತೂ ಫೋನಿನಲ್ಲಿ ಬರೀ ಜಗಳ. ಈ ಸಲ ನೀನು ನನ್ನನ್ನು ಕೊನೆತನಕ ಕೇಳಬೇಕು. ನೀನೂ ಬರೆದೇ ಉತ್ತರಿಸು.

ಹೋದ ಗುರುವಾರ ಬೆಳಗಿನ ಪಾಳಿಯಲ್ಲಿ ಗುತ್ತೆವ್ವ ನನ್ನ ಕೋಣೆಗೆ ಬಂದಳು. ನೀನು ಕೆನ್ಯಾಕ್ಕೆ ಹೋದಾಗ ಆಕೆ ಗುಂಡಿ ಹಚ್ಚುವ ಮಶೀನಿನಲ್ಲಿದ್ದಳು. ಈಗ ಮೂರನೇ ಲೈನಿನ ಸೂಪರ್‌ವೈಸರ್. ನಮ್ಮೂರಿನವಳು, ನಮ್ಮ ಓಣಿಯವಳು. ನಾನೇ ಮೇಲೆ ತಂದವಳು.

"ಮೇಡಂರ, ಲೈನ್ ನಿಂದ್ರಿಸೇನಿ. ಸೂಜಿ ಮುರದೈತ್ರಿ. ಚೂರು ಅಂಗ್ಯಾಗ ಇಲ್ಲ, ಕುಂತಾಕಿ ಬೆರಳಾಗ ಹೊಕ್ಕೈತಿ. ಮಶೀನು ಹೊನ್ನವ್ವಂದು, ಆದ್ರ ಕುಂತಾಕಿ ಹೊನ್ನವ್ವ ಅಲ್ರಿ, ಅಕಿ ನೆಗೆಣ್ಣಿ ಶೇಖವ್ವ" ಎಂದಳು. ಒಂದೇ ಉಸಿರಿನಲ್ಲಿ ಇಷ್ಟನ್ನೂ ಹೇಳಿದಳು.

ಮಕ್ಕಳ ಅಂಗಿಯ ಆರ್ಡರು. ಸೂಜಿಯ ಪ್ರತಿ ಚೂರೂ ಸಿಗುವ ತನಕ ಒಂದು ಅಂಗಿಯೂ ಮುಂದೆ ಹೋಗುವ ಹಾಗಿಲ್ಲ, ನಿನಗೆ ಗೊತ್ತು. ಚೂರು ಎಲ್ಲಿದೆಯೆಂದು ತಿಳಿದಿತ್ತು. ಆದರೆ ಅದು ಯಾರ ಬೆರಳಿನಲ್ಲಿತ್ತೋ ಆ ಹೆಂಗಸು ನಮ್ಮ ಕಾರ್ಖಾನೆಯವಳೇ ಅಲ್ಲ. ನಾನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಹೆಸರು ಕೇಳಿದಾಗ ಶೇಖವ್ವ ನನ್ನ ಮುಖ ನೋಡಿದಳು. "ಖರೇ ಹೆಸರ ಹೇಳು" ಎಂದೆ. ಚೂರು ತೆಗೆದರು, ಬೆರಳು ಉಳಿಯಿತು.

ಆದದ್ದು ಇಷ್ಟು. ಹೊನ್ನವ್ವನ ಮಗಳು ಶ್ವೇತಾಳಿಗೆ ಹಿರೇಕೆರೂರಿನ ಆಸ್ಪತ್ರೆಯಲ್ಲಿ ಹೆರಿಗೆ ನೋವು. ಮಾಲು ಹೋಗುವ ವಾರವೆಂದು ನಾನು ಎಲ್ಲರ ರಜೆಯನ್ನೂ ತಡೆದಿದ್ದೆ. ಅದಕ್ಕೆ ಹೊನ್ನವ್ವ ಮನೆಯಲ್ಲಿ ಹೊಲಿಗೆ ಕಲಿತ ನೆಗೆಣ್ಣಿಯನ್ನು ತನ್ನ ಜಾಗಕ್ಕೆ ಕಳಿಸಿದಳು. ಹೊಲದ ಕೆಲಸಕ್ಕೆ ಬೆರಳು ಸವೆದು ಗೇಟಿನ ಹೆಬ್ಬೆಟ್ಟಿನ ಮಶೀನು ಅರ್ಧ ಹೆಂಗಸರನ್ನು ಗುರುತಿಸುವುದಿಲ್ಲ, ಅಂಥವರಿಗೆ ಸೂಪರ್‌ವೈಸರ್ ಹೂಂ ಅಂದರೆ ಸಾಕು. ಗುತ್ತೆವ್ವ ಹೂಂ ಅಂದಳು.

ನೀನು ಸವಣೂರು ಪೇಟೆಯವಳು, ಮುಯ್ಯಾಳು ನಿನಗೆ ಗೊತ್ತಿರಲಿಕ್ಕಿಲ್ಲ. ಇಂದು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು, ಕೂಲಿ ಇಲ್ಲ. ನಿನಗೆ ಆಗದಿದ್ದರೆ ನಿನ್ನ ಮನೆಯಿಂದ ಯಾರು ಬಂದರೂ ಸರಿ. ಹೊನ್ನವ್ವನನ್ನು ಕರೆದು ಕೇಳಿದರೆ ನಿಜವಾಗಿ ಬೆರಗಾದಳು. "ಕೆಲಸಾ ನಿಲ್ಲಬಾರ್ದಂತ ಮನಿಯಿಂದ ಒಬ್ಬರನ್ನ ಕಳಿಸೇನಲ್ರಿ" ಎಂದಳು. ಕಾರ್ಖಾನೆಗೆ ತಾನು ದೊಡ್ಡ ಉಪಕಾರ ಮಾಡಿದ್ದೇನೆ ಎಂಬ ಭಾವ!

ಕೊಲಂಬೊದಲ್ಲಿ ಕೂತು ನಮ್ಮ ಕಂಪನಿಯ ಎಲ್ಲ ಕಾರ್ಖಾನೆಗಳನ್ನು ನೋಡುವ ದಿಲ್ರುಕ್ಷಿ ಮೇಡಂಗೆ ಎಲ್ಲವನ್ನೂ ಬರೆದೆ. ಉತ್ತರ ಬಂದಿದೆ. ವರ್ಷ ಮುಗಿಯುವುದರೊಳಗೆ ಹೊನ್ನವ್ವ, ಗುತ್ತೆವ್ವ ಇಬ್ಬರನ್ನೂ ಕೆಲಸದಿಂದ ತೆಗೆಯಬೇಕು. ಆದೇಶಕ್ಕೆ ಸಹಿ ನನ್ನದು.

ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ ಉತ್ತರದ ದಾರಿ ನೋಡುತ್ತಿರುವ,
ಸಮತಾ


ಅಥಿ ರಿವರ್, ಕೆನ್ಯಾ
೨೩ ನವೆಂಬರ್ ೨೦೨೪

ಸಮತಾ,

ಸಹಿ ಹಾಕು.

ಹೊನ್ನವ್ವನಿಗೆ ಕಾಲರ್ ಕೂಡಿಸುವುದನ್ನು ಕಲಿಸಿದವಳು ನಾನು, ಆದ್ದರಿಂದ ಇದನ್ನು ಬರೆಯಲು ನನಗೂ ಸುಲಭವಿಲ್ಲ. ಆದರೆ ಯೋಚಿಸು. ಸೂಜಿ ಬೆರಳಿಗೆ ಬದಲು ಕಣ್ಣಿಗೆ ಸಿಡಿದಿದ್ದರೆ? ಬೆಂಕಿ ಬಿದ್ದು ಎಲ್ಲರನ್ನೂ ಹೊರಗೆ ಎಣಿಸುವಾಗ ಶೇಖವ್ವನನ್ನು ಯಾರು ಎಣಿಸುತ್ತಿದ್ದರು? ಮುಯ್ಯಾಳು ಹೊಲದಲ್ಲಿ ಚಂದ. ಮಶೀನಿಗೆ ನೆಗೆಣ್ಣಿ, ನಾದಿನಿ ಎಲ್ಲ ತಿಳಿಯುವುದಿಲ್ಲ.

ಇಲ್ಲಿ ಬಂದ ಮೇಲೆ ನಾನು ಕಲಿತದ್ದು ಒಂದಿದೆ. ಹೊರಗಿನಿಂದ ಬಂದ ಹೆಂಗಸು ಮೇಲಿನ ಕುರ್ಚಿಯಲ್ಲಿ ಕೂತರೆ ಎಲ್ಲರೂ ಕಾಯುವುದು ಒಂದಕ್ಕೇ, ಇವಳು ಯಾವಾಗ ಮೆತ್ತಗಾಗುತ್ತಾಳೆ ಎಂದು. ನಾನು ಮೊದಲ ದಿನದಿಂದ ಮೆತ್ತಗಾಗಲಿಲ್ಲ. ಮೀಟಿಂಗಿಗೆ ನಿರ್ಧಾರ ತೆಗೆದುಕೊಂಡೇ ಹೋಗುತ್ತೇನೆ. ನೀನೂ ಹಾಗೆ ಮಾಡು.

ಇನ್ನೊಂದು ಮಾತು, ಕೆಟ್ಟೆನಿಸಿದರೂ ಹೇಳುತ್ತೇನೆ. ಗುತ್ತೆವ್ವ ನಿಮ್ಮ ಓಣಿಯವಳು ಎಂಬುದೇ ನಿನ್ನ ಕೈ ಕಟ್ಟಿಹಾಕಿದೆ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಸಹಿ ಬಿದ್ದಿರುತ್ತಿತ್ತು. ನನಗೆ ಇದು ಕಾಣುತ್ತದೆ ಎಂದರೆ ಅಲ್ಲಿ ಎಲ್ಲರಿಗೂ ಕಂಡಿರುತ್ತದೆ.

ಅಬ್ಬಾ ಅವರಿಗೆ ಹುಷಾರಿಲ್ಲವಂತೆ. ಸವಣೂರಿನ ಕಡೆ ಹೋದರೆ ಒಂದು ಗಳಿಗೆ ಮಾತಾಡಿಸಿ ಬಾ.

ನಿನ್ನ ಒಳ್ಳೆಯದನ್ನೇ ಬಯಸುವ,
ಕೌಸರ


ಶಿಗ್ಗಾಂವ
೨೭ ನವೆಂಬರ್ ೨೦೨೪

ಕೌಸರ,

ನಿನ್ನ ಅಬ್ಬಾ ಅವರನ್ನು ಕಂಡು ಬಂದೆ. ಕೆಮ್ಮು ಇಳಿದಿದೆ. ಅಂಗಡಿಯಲ್ಲಿ ಕೂತು ವೀಳ್ಯದೆಲೆಗೆ ನೀರು ಚಿಮುಕಿಸುತ್ತಿದ್ದರು.

ಈಗ ನಮ್ಮ ಓಣಿಯ ಮಾತು. ನಮ್ಮ ಓಣಿಗೆ ಮುಯ್ಯಾಳು ಬರುತ್ತಲೇ ಇರಲಿಲ್ಲ. ನನ್ನ ಅವ್ವ ಹೊನ್ನವ್ವನ ಮನೆಯ ಹೊಲದಲ್ಲಿ ಗೋವಿನಜೋಳದ ತೆನೆ ಮುರಿದಿದ್ದಾಳೆ, ಹತ್ತಿ ಬಿಡಿಸಿದ್ದಾಳೆ, ಎಲ್ಲ ಕೂಲಿಗೆ. ನಮಗೂ ಒಂದು ತುಂಡು ಹೊಲವಿತ್ತು, ಗುತ್ತೆವ್ವನ ಮನೆಗೂ ಇದೆ. ಹೊನ್ನವ್ವನ ಮನೆಯವರು ಯಾರೂ ಒಂದು ದಿನ ನಮ್ಮ ಹೊಲಕ್ಕೆ ಕಾಲಿಡಲಿಲ್ಲ. ಮುಯ್ಯಾಳಾಗಿ ಬಂದರೆ ಮಧ್ಯಾಹ್ನ ಆ ಹೊಲದವರ ಮನೆಯ ರೊಟ್ಟಿ ತಿನ್ನಬೇಕು. ನಮ್ಮ ರೊಟ್ಟಿ ಅವರಿಗೆ ಆಗುತ್ತಿರಲಿಲ್ಲ. ಹೀಗಿರುವಾಗ ಆ ಪದ್ಧತಿಯನ್ನು ಕಾಪಾಡಿ ನನಗೆ ಆಗಬೇಕಾದದ್ದೇನೂ ಇಲ್ಲ. ನನ್ನ ಕೈ ಕಟ್ಟಿಹಾಕಿದ್ದು ಓಣಿಯೆಂದು ನೀನು ಅಷ್ಟು ಸಲೀಸಾಗಿ ಬರೆದೆ. ಓದಿ ನನಗೆ ತುಂಬ ಸಿಟ್ಟು ಬಂತು.

ದಿಲ್ರುಕ್ಷಿ ಮೇಡಂ ಫೋನ್ ಮಾಡಿದ್ದರು. ಅವರೂ ಮಶೀನಿಗೆ ಕೂತು ಮೇಲೆ ಬಂದವರು. ಅವರು ಹೇಳಿದ್ದು: "ನನ್ನ ಬೆನ್ನಿಗೆ ಯಾವ ಊರೂ ಇರಲಿಲ್ಲ, ಬಂಧುಗಳೂ ಇರಲಿಲ್ಲ. ನನ್ನನ್ನು ಉಳಿಸಿದ್ದು ನಿಯಮ. ಅದನ್ನು ಸಡಿಲ ಬಿಟ್ಟರೆ ನಾಳೆ ಯಾರೂ ಇಲ್ಲದ ಹುಡುಗಿಗೆ ಏನು ಉಳಿಯುತ್ತದೆ?"

ಮೂರನೇ ಲೈನಿನ ಮೀಟಿಂಗ್ ಕರೆದು ಆದದ್ದರ ಬಗ್ಗೆ ಕೇಳಿದೆ. ನಿಮ್ಮ ಅಭಿಪ್ರಾಯ ಹೇಳಿ ಎಂದರೆ ಎಲ್ಲರೂ ತಲೆ ಅಲ್ಲಾಡಿಸಿದರು. "ನೀವು ಹೆಂಗಂತೀರಿ ಹಂಗ್ರಿ" ಎಂದರು. ಹೊನ್ನವ್ವ ನೆಲ ನೋಡುತ್ತಿದ್ದಳು, ಗುತ್ತೆವ್ವ ಗೋಡೆ ನೋಡುತ್ತಿದ್ದಳು.

ನಿನ್ನ ಸಲಹೆ ಮುಟ್ಟಿದೆ. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಸಮತಾ
ವ್ಯವಸ್ಥಾಪಕಿ, ಶಿಗ್ಗಾಂವ ಘಟಕ


ಅಥಿ ರಿವರ್
೮ ಡಿಸೆಂಬರ್ ೨೦೨೪

ವ್ಯವಸ್ಥಾಪಕಿಯವರೇ,

ಹುದ್ದೆ ಸಮೇತ ನಿಮ್ಮ ಸಹಿ ನೋಡಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ನನ್ನ ಮೇಲೇ ಬೇಜಾರಾಯಿತು. ನಿಮ್ಮ ಹೊಲದ ಮಾತು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡೆವು, ಒಂದು ಸಲವೂ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿ ಏನಾಯಿತು ಕೇಳು. ಶನಿವಾರಗಳಂದು ಸಂಜೆ ಹೆಚ್ಚು ಹೊತ್ತು ದುಡಿಯಬೇಕೆಂದು ಹೇಳಲು ಈ ವಾರ ಎಲ್ಲರನ್ನೂ ಕರೆದಿದ್ದೆ. ಎಂದಿನಂತೆ ಎಲ್ಲ ನಿರ್ಧರಿಸಿಕೊಂಡೇ ಹೋಗಿದ್ದೆ. ಕೆಲಸಗಾರರ ಸಂಘದ ಮುಂದಾಳು ನ್ಯೋಕಾಬಿ ಎದ್ದು ನಿಂತಳು. ಆಕೆ ಹೇಳಿದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ಅದರ ಖಾರ ನಿನಗೆ ಹತ್ತುವುದಿಲ್ಲ: "ಮೇಡಂರ, ನೀವು ಎಲ್ಲಾ ಮುಗಿಸ್ಕೊಂಡ ಬಂದೀರಿ. ನಮ್ಮನ್ನ ಚಪ್ಪಾಳಿ ಬಡ್ಯಾಕ ಕರದೀರೇನು?" ಅಷ್ಟು ಜನರ ಎದುರಿಗೆ! ನನ್ನ ಕಿವಿ ಬಿಸಿಯಾದವು. ಸವಣೂರಿನಲ್ಲಾಗಲಿ ಶಿಗ್ಗಾಂವದಲ್ಲಾಗಲಿ ಯಾರೂ ನನಗೆ ಹೀಗೆ ಅಂದಿರಲಿಲ್ಲ. ಮೀಟಿಂಗ್ ಮುರಿದು ಹೊರಗೆ ಬಂದುಬಿಟ್ಟೆ.

ಮರುದಿನ ಆಕೆಯನ್ನೇ ಕರೆದು, ಹಾಗಾದರೆ ನೀನೇ ನಡೆಸು ಎಂದೆ, ಸ್ವಲ್ಪ ಕುಹಕದಿಂದಲೇ. ಆಕೆ ನಡೆಸಿದಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದಳು. ಚಹ ಆರಿತು, ಇನ್ನೊಂದು ಸಲ ಬಂತು, ಅದೂ ಆರಿತು. ಕೊನೆಗೆ ಅವರೇ ಹೇಳಿದರು, ಸಂಜೆ ಬೇಡ, ಬೆಳಿಗ್ಗೆ ಬೇಗ ಬರುತ್ತೇವೆ, ಕತ್ತಲಾದ ಮೇಲೆ ನಮ್ಮ ದಾರಿ ಚೆನ್ನಾಗಿಲ್ಲ ಎಂದು. ದಾರಿಯ ವಿಷಯ ನನಗೆ ತಲೆಗೇ ಬಂದಿರಲಿಲ್ಲ. ಮನೆಗೆ ನಾನು ಕಾರಿನಲ್ಲಿ ಹೋಗುತ್ತೇನೆ ನೋಡು.

ಸಮತಾ, ನಮ್ಮ ಹೆಂಗಸರು ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ. ಹಾಗಂತ ಅವರು ಮಾತಾಡುವುದೇ ಇಲ್ಲವೇ? ನಾವು ಸೂಪರ್‌ವೈಸರ್ ಆಗಿದ್ದಾಗ ಇಡೀ ಕಾರ್ಖಾನೆಯ ತೀರ್ಮಾನಗಳು ಹಾನಗಲ್ ಬಸ್ಸಿನಲ್ಲಿ ಆಗುತ್ತಿದ್ದವು. ನೀನು ಕಾರು ಕೊಂಡ ಮೇಲೆ ಆ ಬಸ್ಸು ಹತ್ತಿದ್ದೀಯಾ?

ಸಹಿ ಹಾಕು ಎಂದದ್ದನ್ನು ನಾನು ಹಿಂತೆಗೆದುಕೊಳ್ಳುತ್ತಿಲ್ಲ. ಆದರೆ ಕೇಳಿದ ಮೇಲೆ ಹಾಕು.

ಹುದ್ದೆಯಿಲ್ಲದೆ, ಬರೀ
ಕೌಸರ


ಶಿಗ್ಗಾಂವ
೧೫ ಡಿಸೆಂಬರ್ ೨೦೨೪

ಕೌಸರ,

ಶುಕ್ರವಾರ ಸಂಜೆ ಹಾನಗಲ್ ಬಸ್ಸು ಹತ್ತಿದೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಮಾತು ನಿಂತಿತು. ಯಾರೋ ಸೆರಗಿನಿಂದ ಸೀಟು ಒರೆಸಿ ಕೂಡಿಸಿದರು, ಯಾರೋ ಹುರಿದ ಶೇಂಗಾ ಕೈಗೆ ಕೊಟ್ಟರು. ನನಗೆ ಬಹಳ ಮುಜುಗರವಾಯಿತು. ಇದೇ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದವಳು ನಾನು.

ಹೆದ್ದಾರಿ ಬಿಟ್ಟು ಬಹಳ ದೂರ ಬಂದ ಮೇಲೆ ಹೊನ್ನವ್ವ ಸರಳು ಹಿಡಿದು ಎದ್ದು ನಿಂತಳು. "ಮೇಡಂರ, ತಗೀತೀರಂತ ಸುದ್ದಿ ಐತಿ. ನನ್ನ ತಗೀರಿ. ಗುತ್ತೆವ್ವನ್ನ ಬಿಡ್ರಿ. ಅಕಿಗೆ ಕೈ ಮುಗದು ಒಪ್ಪಿಸಿದಾಕಿ ನಾ."

"ನಾ ಏನ ಕೂಸಲ್ಲ ಒಪ್ಪಿಸಾಕ," ಎಂದಳು ಗುತ್ತೆವ್ವ, ಕಿಟಕಿಯ ಕಡೆ ಮುಖ ಮಾಡಿಕೊಂಡೇ. "ನಾ ತಿಳದ ಹೂಂ ಅಂದೇನಿ."

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬಳು ಹೇಳಿದಳು, "ಐತವಾರ ಗುತ್ತೆವ್ವನ ಹೊಲದಾಗ ತೆನಿ ಮುರದು ಬಂದ್ಯಲ್ಲ ಹೊನ್ನವ್ವಕ್ಕ, ಅದನೂ ಹೇಳ."

ನಾನು ಹೊನ್ನವ್ವನ ಮುಖ ನೋಡಿದೆ. "ಮುಯ್ಯಿ ತೀರಸಬೇಕಲ್ರಿ," ಎಂದಳು. "ಅಕಿ ನನ್ನ ಜಾಗಾ ಕಾದ್ಲು, ನಾ ಅಕಿ ಹೊಲಕ್ಕ ಹೋದ್ನಿ."

"ಊಟ?" ಎಂದೆ. ಬೇರೆ ಏನೂ ಕೇಳಲು ಆಗಲಿಲ್ಲ.

"ಅವರ ಮನೀದರಿ. ರೊಟ್ಟಿ, ಪುಂಡಿಪಲ್ಲೆ. ಮನ್ಯಾಗ ನಮ್ಮತ್ತಿ ಎರಡ ದಿನಾ ಮಾತಾಡ್ಸಲಿಲ್ಲ. ಮಾತಾಡ್ಸದಿದ್ರ ಬಿಡ್ಲಿ."

ನನಗೆ ಸಂತೋಷವಾಯಿತು ಎಂದುಕೊಂಡೆಯಾ? ಮೊದಲು ಆದದ್ದು ಸಂಕಟ. ನನ್ನ ಅವ್ವನ ಸೊಂಟ ಬಿದ್ದುಹೋದ ಮೇಲೆ, ನಮ್ಮ ಹೊಲ ಮಾರಿ ಹೋದ ಮೇಲೆ ಇದು ಆಗಬೇಕಿತ್ತೇ ಎಂದು. ಕಣ್ಣಲ್ಲಿ ನೀರು ಬಂತು, ಶೇಂಗಾದ ಸಿಪ್ಪೆ ಊದುವ ನೆಪದಲ್ಲಿ ತಲೆ ತಗ್ಗಿಸಿದೆ. ಆಮೇಲೆ ಮಾತ್ರ ಮನಸ್ಸು ಗಟ್ಟಿಯಾಯಿತು. ನಮ್ಮೂರಿನಲ್ಲಿ ಯಾವತ್ತೂ ಆಗದ್ದು ಈ ಇಬ್ಬರು ಹೆಂಗಸರ ನಡುವೆ ಆಗಿದೆ. ಅದಕ್ಕೆ ನಾನೇ ಸಹಿ ಮಾಡಿ ಇಬ್ಬರನ್ನೂ ಮನೆಗೆ ಕಳಿಸುವುದಿಲ್ಲ. ಹಾಗೆಯೇ ಹೆಸರಿಲ್ಲದ ಹೆಂಗಸಿನ ಬೆರಳಿಗೆ ಸೂಜಿ ಹೊಕ್ಕದ್ದನ್ನು ಮರೆತುಬಿಡುವುದೂ ಇಲ್ಲ.

ಬಸ್ಸಿನಲ್ಲೇ ಹೇಳಿದೆ. ಪ್ರತಿಯೊಬ್ಬಳ ಮನೆಯಿಂದ ಒಬ್ಬರು ಬದಲಿ ಕೆಲಸಕ್ಕೆ ಬರಬಹುದು. ಅವರಿಗೆ ತರಬೇತಿ ಕೊಡುತ್ತೇವೆ, ಹೆಸರು ಹಚ್ಚುತ್ತೇವೆ, ವಿಮೆ, ಸಂಬಳ ಎಲ್ಲ ಉಂಟು. "ಆದ್ರ ಯಾರ ಪಾಳಿ ಬರ್ತೈತಿ ಅವರ ಕುಂದ್ರೂದು. ನಮ್ಮ ಓಣಿ ನಿಮ್ಮ ಓಣಿ ಅಂತ ಆರಸಂಗಿಲ್ಲ. ಒಪ್ಪಿಗಿ ಇಲ್ಲಂದ್ರ ಈಗ ಹೇಳ್ರಿ, ನಾಳೆ ಮೀಟಿಂಗಿನ್ಯಾಗ ತಲಿ ಅಳ್ಳಾಡಸಬ್ಯಾಡ್ರಿ."

ಹೇಳಿದರು, ಕೌಸರ! ಹಾನಗಲ್ ಸ್ಟ್ಯಾಂಡ್ ಬರುವ ತನಕ ಕಿತ್ತಾಡಿದರು. ಕೆಲವರು ಮುಖ ತಿರುಗಿಸಿಕೊಂಡು ಇಳಿದರು. ಹೆಚ್ಚಿನವರು ಆಗಲಿ ಎಂದರು.

ಇಳಿಯುವ ಮುಂಚೆ ಗುತ್ತೆವ್ವನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದೆ. ಜನವರಿಯಿಂದ ಮೂರು ತಿಂಗಳು ಆಕೆ ಸೂಪರ್‌ವೈಸರ್ ಅಲ್ಲ, ಮಶೀನಿಗೆ ಕೂಡಬೇಕು. ಕೇಳಿಕೊಂಡವಳು ಹೊನ್ನವ್ವ, ಆದರೆ ಕಾರ್ಖಾನೆಯ ಮಶೀನು ಕಲಿಯದ ಕೈಯನ್ನು ಲೈನಿಗೆ ಬಿಟ್ಟವಳು ಗುತ್ತೆವ್ವ. ಅವಳ ಮುಖ ಬಿಳಿಚಿತು. ಬಸ್ಸಿನಿಂದ ಇಳಿದು ನಡೆದುಬಿಟ್ಟಳು.

ಕೊಲಂಬೊಕ್ಕೆ ಇದನ್ನೇ ಬರೆದು ಕಳಿಸಿದ್ದೇನೆ. ಒಪ್ಪದಿದ್ದರೆ ಸಹಿ ಹಾಕಲು ಬೇರೆಯವರನ್ನು ಹುಡುಕಿಕೊಳ್ಳಲಿ.

ಹಿಂದೆ ಸರಿಯದ,
ಸಮತಾ


ಅಥಿ ರಿವರ್
೨೨ ಡಿಸೆಂಬರ್ ೨೦೨೪

ಸಮತಾ,

ನಿನ್ನ ಕಾಗದದ ಕತೆಯನ್ನು ನ್ಯೋಕಾಬಿಗೆ ಹೇಳಿದೆ. ಬಸ್ಸಿನಲ್ಲಿ ಜಗಳವಾಡಿದರು ಎಂದಾಗ ಆಕೆಗೆ ಬಹಳ ಖುಷಿಯಾಯಿತು. ಗುತ್ತೆವ್ವನನ್ನು ಇಳಿಸಿದೆ ಎಂದಾಗ ಮುಖ ಸಿಂಡರಿಸಿದಳು. ನನಗೂ ಅದು ಹಿಡಿಸಲಿಲ್ಲ. ಲೈನ್ ನಿಲ್ಲಿಸಿ ನಿಜ ಹೇಳಿದವಳು ಆಕೆ. ನಾನಾಗಿದ್ದರೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದೆ. ಓಣಿಯ ಮಾತು ಬರೆದು ನಾನೇ ನಿನ್ನನ್ನು ಈ ಕಡೆಗೆ ದೂಡಿದೆನೋ ಎಂದು ಹೆದರಿಕೆಯಾಗಿದೆ. ಹಾಗಾಗಿದ್ದರೆ ದಯವಿಟ್ಟು ಹೇಳು.

ನಿದ್ದೆ ಸರಿಯಾಗಿ ಮಾಡದ,
ಕೌಸರ


ಶಿಗ್ಗಾಂವ
೧೨ ಜನವರಿ ೨೦೨೫

ಕೌಸರ,

ನೀನು ದೂಡಲಿಲ್ಲ. ಗುತ್ತೆವ್ವ ಯಾವ ಓಣಿಯವಳಾಗಿದ್ದರೂ ಇಳಿಸುತ್ತಿದ್ದೆ. ಇದನ್ನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡು, ಹೌದು ಎನಿಸಿದ ಮೇಲೆಯೇ ಬರೆಯುತ್ತಿದ್ದೇನೆ. ನೀನು ನಿದ್ದೆ ಮಾಡು.

ದಿಲ್ರುಕ್ಷಿ ಮೇಡಂ ಹೊಸ ವರ್ಷ ಹುಟ್ಟುತ್ತಲೇ ಇಲ್ಲಿಗೆ ಬಂದರು. ನನ್ನ ಕೋಣೆಗೆ ಬರುವ ಮೊದಲು ಮೂರನೇ ಲೈನಿಗೆ ಹೋಗಿ, ಒಂದು ಖಾಲಿ ಮಶೀನಿಗೆ ಕೂತು ಕಾಲರ್ ಹೊಲಿದರು. ಹೆಂಗಸರು ಕಣ್ಣು ಬಿಟ್ಟುಕೊಂಡು ನೋಡಿದರು. ಆಮೇಲೆ ನನಗೆ ಹೇಳಿದರು: "ನೀನು ಮಾಡಿದ್ದು ಸರಿ ಎಂದು ನನಗೆ ಇನ್ನೂ ಅನಿಸಿಲ್ಲ. ಆದರೆ ನಾನು ಕೇಳುವ ಮೊದಲೇ ಎಲ್ಲವನ್ನೂ ನಿನ್ನ ಹೆಸರಿನಲ್ಲಿ ಬರೆದೆ. ಬದಲಿ ಕೆಲಸ ನಡೆಯಲಿ. ಇನ್ನೊಂದು ಸಲ ಹೆಸರಿಲ್ಲದ ಕೈ ಮಶೀನಿನ ಮೇಲೆ ಕಂಡರೆ ಮೊದಲು ಖಾಲಿಯಾಗುವುದು ನಿನ್ನ ಕುರ್ಚಿ." ಆಗಲಿ ಎಂದೆ.

ಇಬ್ಬರ ಕೆಲಸ ಉಳಿಯಿತು. ಹಬ್ಬವಾಗಬೇಕಿತ್ತು, ಆಗಲಿಲ್ಲ. ಗುತ್ತೆವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಅವಳ ತಾಯಿ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಅವ್ವ ಫೋನಿನಲ್ಲಿ ಅತ್ತಳು. "ಮ್ಯಾಲೆ ಹೋದಾಕಿ ತನ್ನವರನ್ನ ಮೊದಲ ತುಳದ್ಲು ಅಂತಾರ ನೋಡವ್ವ ಓಣ್ಯಾಗ" ಎಂದಳು. ನನಗೂ ಅಳು ಬಂತು. ಆದರೂ ಆದೇಶ ಬದಲಿಸಲಿಲ್ಲ.

ಗುತ್ತೆವ್ವನ ಜಾಗಕ್ಕೆ ಹಿರಿತನದ ಮೇಲೆ ಹೊನ್ನವ್ವನ ಹೆಸರು ಬಂತು. ಹೊನ್ನವ್ವ ಒಪ್ಪಲಿಲ್ಲ. ಅದೂ ಈ ಸಲ ಬಸ್ಸಿನಲ್ಲಲ್ಲ, ತುಂಬಿದ ಮೀಟಿಂಗಿನಲ್ಲಿ ಎದ್ದು ಹೇಳಿದಳು. "ಅಕಿ ಜಾಗಾದಾಗ ನಾ ನಿಂದ್ರೂದಿಲ್ರಿ. ಅಕಿ ಬರೂತನಾ ಆ ಜಾಗಾ ಖಾಲಿ ಇರ್ಲಿ. ಲೈನ್ ನಾವ ಪಾಳಿ ಮ್ಯಾಲೆ ನೋಡ್ಕೊಂತೇವಿ. ಮಾಲ ಕಡಿಮಿ ಬಿತ್ತಂದ್ರ ಆಗ ಕೇಳ್ರಿ."

ನ್ಯೋಕಾಬಿಗೆ ಇದನ್ನು ಹೇಳು. ನಾನು ಒಪ್ಪಿಕೊಂಡೆ.

ಮನೆಯವರ ಕಣ್ಣಿಗೆ ಕೆಟ್ಟವಳಾದ,
ಸಮತಾ


ಶಿಗ್ಗಾಂವ
೭ ಏಪ್ರಿಲ್ ೨೦೨೫

ಕೌಸರ,

ಮೂರನೇ ಲೈನು ಸೂಪರ್‌ವೈಸರ್ ಇಲ್ಲದೆಯೇ ಈ ಮೂರು ತಿಂಗಳನ್ನು ದಾಟಿತು. ಒಂದು ವಾರವೂ ಮಾಲು ಕಡಿಮೆ ಬೀಳಲಿಲ್ಲ. ಬದಲಿ ಕೆಲಸಕ್ಕೆ ಹೆಸರು ಹಚ್ಚಿದವರಲ್ಲಿ ಶೇಖವ್ವನೂ ಇದ್ದಾಳೆ. ಮೊದಮೊದಲು ನಮ್ಮ ಓಣಿಯ ಹುಡುಗಿ ಬದಲಿಗೆ ಬಂದರೆ ಪಕ್ಕದ ಮಶೀನಿನವಳು ನೀರಿನ ಬಾಟಲಿ ಎತ್ತಿ ಆಚೆ ಇಡುತ್ತಿದ್ದಳು. ಇಬ್ಬರು ಕೆಲಸವನ್ನೇ ಬಿಟ್ಟು ಹೋದರು. ತಡೆಯಲಿಲ್ಲ. ಪಾಳಿಯನ್ನು ಮಾತ್ರ ಒಂದು ದಿನವೂ ಬದಲಿಸಲಿಲ್ಲ.

ಇವತ್ತು ಗುತ್ತೆವ್ವ ತಿರುಗಿ ತನ್ನ ಜಾಗಕ್ಕೆ ಬಂದಳು. ಯಾರೂ ಹಾರ ಹಾಕಲಿಲ್ಲ. ಹೊನ್ನವ್ವ ತಲೆಯೆತ್ತಿ, "ಬಾ, ನೂಲು ತೀರೈತಿ, ತರಿಸ" ಎಂದಳು, ಅಷ್ಟೇ. ಗುತ್ತೆವ್ವ ನೂಲು ತರಿಸಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ಲೈನಿನ ಕಡೆ ಹೋದಾಗ ಅವಳೇ ಎದುರಿಗೆ ಬಂದು ನಿಂತಳು. ಇಷ್ಟು ದಿನದಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು.

"ಮೇಡಂರ, ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ರಿ."

"ಹೋಗಲೇಬೇಕಂತ ಏನೂ ಇಲ್ಲ," ಎಂದೆ.

ಹಿಂದೆ ಹೆಂಗಸರು ಡಬ್ಬಿ ಬಿಚ್ಚುತ್ತಿದ್ದರು.

"ನಾಳೆ ನನ್ನ ಲೈನಿನ್ಯಾಗ ಯಾರರ ನನ್ನಂಗ ಮಾಡಿದ್ರ, ನನ್ನ ಒಡಹುಟ್ಟಿದಾಕಿ ಆದ್ರೂ ಇಳಸ್ತೇನಿ," ಎಂದಳು. "ಮನಿಗೆ ಮಾತ್ರ ಕಳಸೂದಿಲ್ಲ."

ಹೇಳಿ, ನನ್ನ ಉತ್ತರಕ್ಕೂ ಕಾಯದೆ ತನ್ನ ಲೈನಿಗೆ ಹೋದಳು.

ನಿನ್ನ,
ಸಮತಾ